ಪಿಗ್ಮಿಯವರಿಗೆ ಹಣ ಕೊಟ್ಟದ್ದು

ನಮ್ಮ ಸಾಲಿನ ಅಂಗಡಿಯವರು ಕೊಡುವುದರಲ್ಲಿ ಜಿಪುಣರಲ್ಲ. ಬ್ರಹ್ಮಕಲಶಕ್ಕೆ ಹೊರೆಕಾಣಿಕೆ, ಬಯಲಾಟಕ್ಕೆ ದೇಣಿಗೆ, ಗಣೇಶೋತ್ಸವದ ರಶೀದಿ, ಕಬಡ್ಡಿ ಪಂದ್ಯದ ಫಲಕ ಎಂದು ವರ್ಷವಿಡೀ ಯಾರಾದರೂ ಬರುತ್ತಲೇ ಇರುತ್ತಾರೆ. ಬರಿಗೈಯಲ್ಲಿ ಹೋದವರು ಕಡಿಮೆ. ಆದರೆ ದಿನವೂ ಮುಖ ನೋಡುವ, ಮನೆ ಎಲ್ಲಿದೆ ಎಂದು ಮಾತ್ರ ಗೊತ್ತಿಲ್ಲದ ಒಬ್ಬ ಪರಿಚಯದವರಿಗೆ ಕಷ್ಟ ಬಂದಾಗ ಅವರ ಕೈಯಲ್ಲಿ ನೋಟು ಇಡುವುದು ಸರಿಯೇ ಎಂಬ ಮಾತು ಎದ್ದದ್ದೇ ತಡ, ಎಲ್ಲರೂ ತತ್ವಜ್ಞಾನಿಗಳಾಗಿಬಿಟ್ಟರು.

ನನ್ನದು ಉಡುಪಿಯ ಜೋಡುಕಟ್ಟೆಯ ಕಡೆ ಒಂದು ಜೆರಾಕ್ಸ್ ಅಂಗಡಿ. ಎಡಕ್ಕೆ ಮೆಡಿಕಲ್, ಬಲಕ್ಕೆ ದರ್ಜಿ, ಎದುರಿಗೆ ಕ್ಯಾಂಟೀನು, ಮೇಲಿನ ಮಹಡಿಯಲ್ಲಿ ತೆರಿಗೆ ಸಲಹೆಗಾರರು. ಮಲ್ಪೆಯಿಂದ ಬುಟ್ಟಿ ಹೊತ್ತು ಬರುವ ಮೀನಿನ ಅಕ್ಕ ಮಧ್ಯಾಹ್ನದ ಹೊತ್ತಿಗೆ ಮಾರಾಟ ಮುಗಿಸಿ ನಮ್ಮ ಮೆಟ್ಟಿಲಲ್ಲಿ ಕುಳಿತು ವೀಳ್ಯ ಹಾಕುತ್ತಾರೆ. ನಮ್ಮೆಲ್ಲರಿಗೂ ಸಾಮಾನ್ಯವಾಗಿದ್ದದ್ದು ಒಂದೇ: ಪಿಗ್ಮಿ, ಅಂದರೆ ದಿನವೂ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ.

ಪಿಗ್ಮಿ ಹುಟ್ಟಿದ್ದು ನಮ್ಮೂರಿನಲ್ಲೇ. 1925ರಲ್ಲಿ ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುವ ಕ್ರಮ ತಂದಿತು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಎರಡಾಣೆ ನೂರು, ಇನ್ನೂರು ರೂಪಾಯಿಯಾಯಿತು; ಪದ್ಧತಿ ಮಾತ್ರ ಸಹಕಾರಿ ಸಂಘಗಳ ಕೈಯಲ್ಲಿ ಹಾಗೆಯೇ ಉಳಿದಿದೆ. ನಮ್ಮ ಸಾಲಿಗೆ ಬರುವವರೂ ಒಂದು ಸಹಕಾರಿ ಸಂಘದವರು. ಸಂಜೆ ಐದರ ಹೊತ್ತಿಗೆ ಹೆಗಲಿಗೆ ರೆಕ್ಸಿನ್ ಚೀಲ, ಕೈಯಲ್ಲಿ ರಶೀದಿ ಮುದ್ರಿಸುವ ಪುಟ್ಟ ಯಂತ್ರ, ಬಲಗೈ ಹೆಬ್ಬೆರಳಿಗೆ ಕಂದು ಬಣ್ಣದ ರಬ್ಬರ್ ಟೋಪಿ. ನೋಟು ಎರಡು ಸಲ ಎಣಿಸುತ್ತಾರೆ. ಒಬ್ಬರ ಹಣವನ್ನು ಇನ್ನೊಬ್ಬರ ಎದುರು ಎಣಿಸುವುದಿಲ್ಲ. ಗಿರಾಕಿ ಇದ್ದರೆ ಹೊರಗೆ ನಿಂತು ಕಾಯುತ್ತಾರೆ. ಸಾಲಿನಲ್ಲಿ ಯಾರ ವ್ಯಾಪಾರ ಏರಿದೆ, ಯಾರದು ಮುಳುಗುತ್ತಿದೆ ಎಂಬುದು ಅವರೊಬ್ಬರಿಗೇ ಗೊತ್ತು. ಒಂದು ಮಾತು ಆಚೆ ಹೋದದ್ದಿಲ್ಲ. ಎಷ್ಟೋ ವರ್ಷದ ಪರಿಚಯ, ಆದರೂ ನಮಗೆಲ್ಲ ಅವರು ಬರಿಯ 'ಪಿಗ್ಮಿಯವರು'. ಅವರ ಪೂರ್ತಿ ಹೆಸರು ನನಗೆ ತಿಳಿದದ್ದು ಅವರ ಆಧಾರ್ ಕಾರ್ಡನ್ನು ಯಂತ್ರದ ಗಾಜಿನ ಮೇಲೆ ಬೋರಲು ಹಾಕಿದ ದಿನ.

ಅದು ಆಟಿ ತಿಂಗಳು, ತುಳುನಾಡಿನ ಜಡಿಮಳೆಯ ಕಾಲ. ಕೆಲವು ದಿನ ಅವರ ಬದಲಿಗೆ ಸಂಘದ ಹುಡುಗನೊಬ್ಬ ಬಂದಿದ್ದ. ಒಂದು ಬೆಳಿಗ್ಗೆ ಅವರೇ ಬಂದರು. ಚೀಲ ಇರಲಿಲ್ಲ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿದ ಕಾಗದಗಳಿದ್ದವು. ಆಧಾರ್, ಪಡಿತರ ಚೀಟಿ, ಆಸ್ಪತ್ರೆಯ ಅಂದಾಜು ವೆಚ್ಚದ ಹಾಳೆ, ಎಲ್ಲವೂ ಎರಡೆರಡು ಪ್ರತಿ. ಜೆರಾಕ್ಸ್ ಅಂಗಡಿಯವರು ಓದಬಾರದು, ಆದರೆ ಕಣ್ಣಿಗೆ ಬಿದ್ದದ್ದನ್ನು ಬಿದ್ದಿಲ್ಲ ಎನ್ನುವುದು ಹೇಗೆ? ಅವರ ಹೆಂಡತಿಗೆ ಪಾರ್ಶ್ವವಾಯು. ಪಡಿತರ ಚೀಟಿ ಎಪಿಎಲ್.

ಈ ಕೊನೆಯ ಮಾತಿನ ತೂಕ ಈ ಕೆಲಸದಲ್ಲಿರುವವರಿಗೆ ಗೊತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ನಿಗದಿತ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದ 70 ಮನೆಯವರ ತಲೆಗೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು, ಅಂಥ ಅರ್ಜಿಗಳನ್ನು ನಾನೇ ಟೈಪ್ ಮಾಡಿ ಕೊಡುತ್ತಿರುತ್ತೇನೆ. ಆದರೆ ಆ ಹಣದ ದಾರಿ ಕಾಯುತ್ತ ಆಸ್ಪತ್ರೆಯಲ್ಲಿ ಮಲಗಿರಲು ಆಗುವುದಿಲ್ಲ. ಬಿಲ್ಲು ಹೇಗೋ ಕಟ್ಟಿದರೂ ಮನೆಗೆ ಬಂದ ಮೇಲಿನ ಖರ್ಚನ್ನು ಯಾವ ಯೋಜನೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಬಾಡಿಗೆಯ ಗಾಳಿ ಹಾಸಿಗೆ, ದೊಡ್ಡವರ ಡಯಾಪರು, ಮನೆಗೆ ಬರುವ ಫಿಸಿಯೋಥೆರಪಿಯವರು, ರಿಕ್ಷಾ. ಇದರ ಮೇಲೆ, ಪಿಗ್ಮಿಯವರಿಗೆ ಸಂಬಳವಿಲ್ಲ, ಕಮಿಷನ್ನು. ಸಾಲಿಗೆ ಬಾರದ ದಿನ ಗಳಿಕೆಯೂ ಇಲ್ಲ.

"ಮನೆಯಲ್ಲಿ ಹೇಗಿದ್ದಾರೆ?" ಎಂದು ಕೇಳಿದೆ. "ಬಲಗೈ ಏಳುವುದಿಲ್ಲ, ಮಾತು ತಿಳಿಯುವುದಿಲ್ಲ" ಎಂದರು. ಪ್ರತಿಗಳ ಹಣ ಬೇಡವೆಂದರೂ ಚಿಲ್ಲರೆ ಎಣಿಸಿ ಮೇಜಿನ ಮೇಲಿಟ್ಟು ಹೋದರು.

ಕಾಗದದಲ್ಲಿ ಕಂಡದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ, ಔಷಧಿ ಚೀಟಿ ಹಿಡಿದು ಅವರು ಪಕ್ಕದ ಮೆಡಿಕಲ್‌ಗೂ ಹೋಗಿದ್ದರು, ಸಂಜೆಯೊಳಗೆ ಸಾಲಿಗೆಲ್ಲ ಸುದ್ದಿಯಾಯಿತು. ಅಯ್ಯೋ ಪಾಪ ಎಂದದ್ದು ಮೊದಲು. ಆಮೇಲಿನದ್ದು ಹೇಳಲು ಮುಜುಗರವಾಗುತ್ತದೆ. ಅವರು ಮತ್ತೆ ಸಾಲಿಗೆ ಬರತೊಡಗಿದ ವಾರವೇ ಇಬ್ಬರು ಪಿಗ್ಮಿ ನಿಲ್ಲಿಸಿದರು. "ವ್ಯಾಪಾರ ಇಲ್ಲ, ಮಳೆ" ಎಂದರು. ಮಳೆ ಪ್ರತಿ ವರ್ಷವೂ ಬರುತ್ತದೆ. ನಿಜವಾದ ಕಾರಣವನ್ನು ಅವರಲ್ಲೊಬ್ಬರು ಕ್ಯಾಂಟೀನಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು: ಕಷ್ಟದಲ್ಲಿರುವವನ ಚೀಲದಲ್ಲಿ ನಮ್ಮ ಹಣ, ಅವನ ಕೈ ಅದಕ್ಕೇ ಹೋದರೆ ಏನು ಮಾಡುವುದು? ಇಷ್ಟು ವರ್ಷ ಒಂದು ರೂಪಾಯಿ ಆಚೀಚೆಯಾಗದ ಮನುಷ್ಯನ ಬಗ್ಗೆ, ಅವನಿಗೆ ಹಣದ ಅಗತ್ಯ ಬಿದ್ದ ಕೂಡಲೇ ಹೀಗೆ ಅನ್ನಿಸುತ್ತದೆ. ನನಗೆ ಸಿಟ್ಟು ಬಂದದ್ದು ಅಲ್ಲಿ. ಏನಾದರೂ ಮಾಡಬೇಕೆಂದು ಹೊರಟದ್ದಕ್ಕೆ ಕರುಣೆಗಿಂತ ಆ ಸಿಟ್ಟೇ ಹೆಚ್ಚಿನ ಕಾರಣವಿರಬಹುದು.

ಹಣ ಕೂಡಿಸಿ ಕೊಡೋಣ ಎಂದಾಗ ಯಾರೂ ಬೇಡ ಎನ್ನಲಿಲ್ಲ. ಹಣವಾಗಿ ಬೇಡ ಎಂದರು. ಕ್ಯಾಂಟೀನಿನವರು ಅಕ್ಕಿ, ತೆಂಗಿನಕಾಯಿ, ಬೇಳೆ ಕೊಡೋಣ ಎಂದರು. ಮೆಡಿಕಲ್‌ನವರು ಔಷಧಿಯ ಲೆಕ್ಕವನ್ನು ನಾವೇ ಹಂಚಿಕೊಳ್ಳೋಣ ಎಂದರು. ಅದು ಕೆಟ್ಟ ಸಲಹೆಯಲ್ಲ, ಆದರೆ ಅವರು ಕೊಟ್ಟ ಔಷಧಿ ಒಂದೇ ಸಲದ್ದು, ಉಳಿದದ್ದೆಲ್ಲ ಆಸ್ಪತ್ರೆಯಲ್ಲೇ ಕೊಳ್ಳುತ್ತಿದ್ದರು. ದರ್ಜಿಯವರದು ದೊಡ್ಡ ಯೋಜನೆ: ಒಂದು ಪೋಸ್ಟರು, ಹಾಸಿಗೆಯಲ್ಲಿ ಮಲಗಿದ ಚಿತ್ರ, ಕೆಳಗೆ ಕ್ಯೂಆರ್ ಸಂಕೇತ, ವಾಟ್ಸಾಪ್ ಗುಂಪುಗಳಿಗೆ ರವಾನೆ. ಪೋಸ್ಟರು ನನ್ನ ಅಂಗಡಿಯಲ್ಲೇ ಆಗಬೇಕಿತ್ತು. ನಾನು ಆಗುವುದಿಲ್ಲ ಎಂದೆ.

ಅವರು ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದ ಉದಾಹರಣೆ ಕೊಟ್ಟರು. ಅಷ್ಟಮಿಗೆ ವಿಚಿತ್ರ ವೇಷ ಹಾಕಿ ಬೀದಿ ಸುತ್ತಿ, ಬಂದ ಹಣವನ್ನೆಲ್ಲ ಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದ ರವಿ ಕಟಪಾಡಿಯವರನ್ನು ನಮ್ಮ ಜಿಲ್ಲೆಯಲ್ಲಿ ಗೊತ್ತಿಲ್ಲದವರಿಲ್ಲ. ನನಗೂ ಅವರ ಮೇಲೆ ಗೌರವವಿದೆ. ಆದರೆ ಅಲ್ಲಿ ಡಬ್ಬಿಗೆ ಹಣ ಹಾಕುವವನಿಗೂ ಆ ಮಗುವಿಗೂ ಮುಖ ಪರಿಚಯವಿಲ್ಲ, ಮುಂದೆ ಭೇಟಿಯಾಗುವ ಪ್ರಮೇಯವೂ ಕಡಿಮೆ. ವೇಷದವರೂ ತಮ್ಮ ಮುಖವನ್ನೇ ಬಣ್ಣದಲ್ಲಿ ಮುಚ್ಚಿಕೊಂಡಿರುತ್ತಾರೆ. ಪಿಗ್ಮಿಯವರು ಮರುದಿನ ಸಂಜೆ ಐದಕ್ಕೆ ಇದೇ ಸಾಲಿಗೆ ಬರಬೇಕು, ಹೆಂಡತಿಯ ಹಾಸಿಗೆಯ ಚಿತ್ರ ನೋಡಿದ ಪ್ರತಿಯೊಬ್ಬನ ಎದುರು ಕೈಚಾಚಿ ಪಿಗ್ಮಿ ಕೇಳಬೇಕು.

ಇನ್ನೊಂದು ಸಲಹೆ ಎಷ್ಟು ಒಳ್ಳೆಯ ಮನಸ್ಸಿನಿಂದ ಬಂದಿತೆಂದರೆ ನಗುವುದಕ್ಕೂ ಆಗಲಿಲ್ಲ. ಪಿಗ್ಮಿಯ ಮೊತ್ತವನ್ನೇ ಎಲ್ಲರೂ ಹೆಚ್ಚಿಸೋಣ, ಅವರಿಗೆ ಕಮಿಷನ್ ಸಿಗುತ್ತದೆ, ದಾನ ತೆಗೆದುಕೊಂಡ ಭಾರವಿಲ್ಲ. ಕ್ಯಾಲ್ಕುಲೇಟರು ಒತ್ತಿದೆ. ಅವರ ಸಂಘದಲ್ಲಿ ಕಮಿಷನ್ ನೂರಕ್ಕೆ ಮೂರು ರೂಪಾಯಿ. ನಾನು ದಿನಕ್ಕೆ 100 ರೂಪಾಯಿ ಹೆಚ್ಚು ಕಟ್ಟಿದರೆ ತಿಂಗಳಿಗೆ ನನಗೆ 3,000 ರೂಪಾಯಿ ಉಳಿತಾಯ, ಅವರಿಗೆ 90 ರೂಪಾಯಿ. ಉಪಕಾರ ಮಾಡಿದ ತೃಪ್ತಿಯೂ ನನ್ನದೇ, ಬಡ್ಡಿಯೂ ನನ್ನದೇ. ಅಕ್ಕಿ ಬೇಳೆಯ ಕಥೆಯೂ ಹತ್ತಿರ ಹತ್ತಿರ ಇಷ್ಟೇ. ಅವರ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ಯಾರೂ ಹೇಳಿರಲಿಲ್ಲ. ಹಣ ಕೊಟ್ಟರೆ ಕೊಟ್ಟವನಿಗೆ ತೋರಿಸಿಕೊಳ್ಳಲು ಏನೂ ಉಳಿಯುವುದಿಲ್ಲ, ಅದು ಎಲ್ಲಿಗೆ ಹೋಯಿತೆಂದು ಕಾಣುವುದಿಲ್ಲ. ನಮ್ಮವರಿಗೆ ನೋಟು ಅಸಹ್ಯವೆನಿಸುವುದು ಇದಕ್ಕೇ ಎಂದು ನನ್ನ ಅಂದಾಜು. ಫಿಸಿಯೋಥೆರಪಿಯವರಿಗೆ ತೆಂಗಿನಕಾಯಿ ಕೊಟ್ಟು ಕಳುಹಿಸಲಾಗುತ್ತದೆಯೇ?

ಮೆಟ್ಟಿಲಲ್ಲಿ ಕುಳಿತಿದ್ದ ಮೀನಿನ ಅಕ್ಕ ಇಷ್ಟನ್ನೂ ಕೇಳುತ್ತಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿಬಿದ್ದಿರುತ್ತವೆ, ಅಕ್ಕನ ಬುಟ್ಟಿಯಲ್ಲಿ ಒಣಮೀನು ಬಿಟ್ಟರೆ ನಾಡದೋಣಿಯವರು ತಂದ ಚೂರುಪಾರು. ಸೊಂಟದ ಚೀಲ ಬಿಚ್ಚಿ 200 ರೂಪಾಯಿ ತೆಗೆದು ನನ್ನ ಮೇಜಿನ ಮೇಲಿಟ್ಟರು. "ನೀವು ಮಾತಾಡಿ ಮುಗಿಸುವಾಗ ಆ ಹೆಂಗಸು ಎದ್ದು ನಡೆದಾಳು" ಎಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಹಣ ಹಿಡಿದುಕೊಳ್ಳುವ ಕೆಲಸ ನನಗೂ ಮೆಡಿಕಲ್‌ನವರಿಗೂ ಬಿತ್ತು. ಒಬ್ಬರ ಕೈಯಲ್ಲಿ ಬೇಡವೆಂದು ನಾನೇ ಅವರನ್ನು ಎಳೆದುಕೊಂಡೆ. ಯಾರು ಎಷ್ಟು ಕೊಟ್ಟರೆಂದು ಬರೆಯಲಿಲ್ಲ, ಒಟ್ಟು ಮೊತ್ತ ಮಾತ್ರ ಇಬ್ಬರಿಗೂ ಗೊತ್ತು. ಮೊಬೈಲಿನಲ್ಲಿ ಕಳುಹಿಸುವುದು ಸುಲಭವಿತ್ತು, ಆದರೆ ಹಾಗೆ ಕಳುಹಿಸಿದರೆ ಕೊಟ್ಟವರ ಹೆಸರು, ಮೊತ್ತ, ಸಮಯ ಎಲ್ಲ ಅವರ ಮೊಬೈಲಿನಲ್ಲಿ ಪಟ್ಟಿಯಾಗಿ ಕುಳಿತಿರುತ್ತದೆ. ಯಾರು 2,000, ಯಾರು 100 ಎಂದು ದಿನವೂ ಆ ಮುಖಗಳನ್ನೇ ನೋಡುವವರಿಗೆ ತಿಳಿಯುವುದು ಬೇಡ. ನಗದಿನಲ್ಲಿ ಆ ಉಪದ್ರವವಿಲ್ಲ, ನೋಟುಗಳು ಬೆರೆತುಹೋಗುತ್ತವೆ. ಎಷ್ಟು ಕೊಡುವುದು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಹೇಳಿದೆ: ಹಿಂದೆ ಬಾರದಿದ್ದರೂ ರಾತ್ರಿ ಮಲಗಿದಾಗ ನೆನಪಾಗದಷ್ಟು. ಕೆಲವರ ನೆನಪಿನ ಶಕ್ತಿ ಚೆನ್ನಾಗಿತ್ತು, 50 ರೂಪಾಯಿ ಕೊಟ್ಟರು. ಇರಲಿ.

ಮೊತ್ತ 38,700 ಆಯಿತು. ಮೇಲಿನ ಮಹಡಿಯ ತೆರಿಗೆ ಸಲಹೆಗಾರರು ತಮ್ಮ ಪಾಲು ಕೊಡಲು ಇಳಿದು ಬಂದವರು, ರೂಢಿಯಂತೆ ಒಂದು ಕಾನೂನನ್ನೂ ಕೊಟ್ಟರು. ಸಂಬಂಧಿಕರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಬಂದ ಉಡುಗೊರೆಯ ಮೊತ್ತ 50,000 ರೂಪಾಯಿ ದಾಟಿದರೆ ಅಷ್ಟೂ ಪಡೆದವರ ಆದಾಯಕ್ಕೆ ಸೇರುತ್ತದೆಯಂತೆ. ಮದುವೆಯ ಉಡುಗೊರೆಗೆ ವಿನಾಯಿತಿ ಇದೆ. ಹಾಸಿಗೆ ಹಿಡಿದವರಿಗೆ ಕೊಟ್ಟದ್ದಕ್ಕೆ ಅಂಥ ವಿನಾಯಿತಿ ಇಲ್ಲ. ಕೋವಿಡ್ ಚಿಕಿತ್ಸೆಗೆಂದು ಬಂದ ಹಣಕ್ಕೆ ಮಾತ್ರ ಆ ಕಾಲದಲ್ಲಿ ಬೇರೆಯಾಗಿ ಕೊಟ್ಟಿದ್ದರು. ಪಿಗ್ಮಿಯವರ ಆದಾಯ ತೆರಿಗೆಯ ಮಟ್ಟಕ್ಕೆ ಬರುವಂಥದ್ದಲ್ಲ, ನಮ್ಮ ಮೊತ್ತವೂ ಮಿತಿಯೊಳಗೇ ಇತ್ತು. ಆದರೂ ಇದನ್ನು ಬರೆದಿಟ್ಟಿದ್ದೇನೆ, ಇಂಥ ಕೆಲಸಕ್ಕೆ ಇಳಿಯುವವರಿಗೆ ತಿಳಿದಿರಲಿ.

ಹಣ ಹಾಕಲು ಅಂಗಡಿಯಲ್ಲಿದ್ದ ಲಕೋಟೆಗಳೆಲ್ಲ ಮದುವೆಯವು, ಮೂಲೆಗೆ ಒಂದು ರೂಪಾಯಿಯ ನಾಣ್ಯ ಅಂಟಿಸಿದವು. ಅಮ್ಮ ನೋಡಿ ಬೈದರು. ಶುಭಕ್ಕೆ ಒಂದು ರೂಪಾಯಿ ಸೇರಿಸುವುದು ಮುಂದುವರಿಯಲಿ ಎಂದು. ಕಾಯಿಲೆಗೆ ಸೇರಿಸಿದರೆ ಏನು ಮುಂದುವರಿಯಬೇಕು? ಕಚೇರಿಯ ಕಂದು ಲಕೋಟೆ ಹುಡುಕಿದೆ.

ದರ್ಜಿಯವರು ಸಂಜೆ ಅವರು ಬಂದಾಗ ಸಾಲಿನವರೆಲ್ಲ ನಿಂತು ಕೊಡೋಣ ಎಂದರು. ಅದೊಂದು ಮಾತ್ರ ಆಗಬಾರದಿತ್ತು, ಮರ್ಯಾದೆಯ ಮಾತು ಆಚೆಗಿರಲಿ. ಸಂಜೆ ಅವರ ಚೀಲದಲ್ಲಿರುವುದು ಜನರ ಠೇವಣಿ. ರಾತ್ರಿ ಸಂಘಕ್ಕೆ ಹೋಗಿ ಯಂತ್ರದ ಲೆಕ್ಕಕ್ಕೂ ಚೀಲದ ನೋಟಿಗೂ ತಾಳೆ ಹಾಕಬೇಕು. ಆ ಹೊತ್ತಿನಲ್ಲಿ ಅವರ ಬಳಿ ಲೆಕ್ಕವಿಲ್ಲದ ಮೂವತ್ತೆಂಟು ಸಾವಿರ ಸಿಕ್ಕಿದರೆ ಕ್ಯಾಂಟೀನಿನ ಪಿಸುಮಾತಿಗೆ ನಾವೇ ಸಾಕ್ಷಿ ಒದಗಿಸಿದಂತೆ. ಮನೆಗೇ ಹೋಗಬೇಕು, ಭಾನುವಾರ, ಚೀಲ ಇಲ್ಲದ ದಿನ. ಹೆಚ್ಚು ಜನ ಬೇಡವೆಂದು ನಾನೂ ಮೆಡಿಕಲ್‌ನವರ ಹೆಂಡತಿಯೂ ಹೊರಟೆವು.

ಹಿರಿಯಡ್ಕದಲ್ಲಿ ಬಸ್ ಇಳಿದು ಒಳರಸ್ತೆಯಲ್ಲಿ ನಡೆಯಬೇಕು. ಕೊಡೆ ಇದ್ದೂ ಸೊಂಟದವರೆಗೆ ಒದ್ದೆ. ಕೆಂಪು ಕಲ್ಲಿನ ಗೋಡೆ, ಹೆಂಚಿನ ಮನೆ. ಚಾವಡಿಯಲ್ಲೇ ಮಂಚ ಹಾಕಿದ್ದರು. ಹೆಂಡತಿಗೆ ಪ್ರಜ್ಞೆ ಚೆನ್ನಾಗಿಯೇ ಇತ್ತು. ತುಟಿಯ ಒಂದು ಬದಿ ಇಳಿದಿತ್ತು, ಬಲಗೈಯನ್ನು ದಿಂಬಿನ ಮೇಲೆ ಎತ್ತಿ ಇಟ್ಟಿದ್ದರು. ನಮ್ಮನ್ನು ನೋಡಿ ಎಡಗೈಯಿಂದ ಮೊದಲು ಸೆರಗು ಸರಿಮಾಡಿಕೊಂಡರು, ಆಮೇಲೆ ಒಳಗಿನ ಕಡೆ ಕೈ ತೋರಿಸಿ ಏನೋ ಹೇಳಿದರು. ನಮಗೆ ತಿಳಿಯಲಿಲ್ಲ, ಅವರ ನಾದಿನಿಗೆ ತಿಳಿಯಿತು: ಚಹಾ. ಇಂಥ ಮನೆಯಲ್ಲಿ "ಏನೂ ಬೇಡ, ತೊಂದರೆ ತೆಗೆದುಕೊಳ್ಳಬೇಡಿ" ಎನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಆ ಹೆಂಗಸು ಅಷ್ಟು ಕಷ್ಟಪಟ್ಟು ಹೇಳಿದ ಮಾತು ಅದು. ಇಬ್ಬರೂ ಕುಡಿದೆವು.

ಲಕೋಟೆಯನ್ನು ಪಿಗ್ಮಿಯವರ ಕೈಗೆ ಕೊಟ್ಟು, "ಸಾಲಿನವರು ಕೊಟ್ಟದ್ದು" ಎಂದೆ. ಬೇಡ ಎನ್ನುತ್ತಾರೆ, ನಾನು ಒತ್ತಾಯ ಮಾಡಬೇಕಾಗುತ್ತದೆ ಎಂದು ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಅಂಗಿಯ ಜೇಬಿನಿಂದ ರಬ್ಬರ್ ಟೋಪಿ ತೆಗೆದು ಹೆಬ್ಬೆರಳಿಗೆ ಹಾಕಿಕೊಂಡರು. ನೋಟುಗಳನ್ನು ಮುಖಬೆಲೆಯಂತೆ ಬೇರೆ ಮಾಡಿ, ಮುಖಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ಎರಡು ಸಲ ಎಣಿಸಿದರು. "38,700" ಎಂದರು. ಹೌದೆಂದೆ. "ಪಟ್ಟಿ?"

"ಪಟ್ಟಿ ಮಾಡಿಲ್ಲ."

"ಹೆಸರಿಲ್ಲದ ಹಣ ಎಣಿಸಿ ನನಗೆ ಅಭ್ಯಾಸವಿಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಒಟ್ಟಾಗಿ ಸಾಲವೆಂದು ನಿಮ್ಮ ಹೆಸರಿನಲ್ಲಿ ಬರೆದುಕೊಳ್ಳುತ್ತೇನೆ ಎಂದರು. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ ನನಗೆ ಮಹಡಿಯವರ ದೆಸೆಯಿಂದ ಗೊತ್ತಿತ್ತು, ಹೇಳಿದೆ. ಸಹಕಾರಿ ಸಂಘದ ಮನುಷ್ಯನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಅಷ್ಟು ದಿನಗಳಲ್ಲಿ ಮೊದಲ ಸಲವೆಂಬಂತೆ ನಕ್ಕರು. ಹಣವನ್ನು ಏನೆಂದು ಕರೆಯಬೇಕೆಂದು ನಾವಿಬ್ಬರೂ ತೀರ್ಮಾನ ಮಾಡಲೇ ಇಲ್ಲ. ಲಕೋಟೆ ಒಳಗೆ ಹೋಯಿತು.

ಆಮೇಲೆ ಎಲ್ಲವೂ ಚೆನ್ನಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಪಿಗ್ಮಿಯವರು ನನ್ನೊಂದಿಗೆ ಮಾತು ಕಡಿಮೆ ಮಾಡಿದರು. ಮೊದಲು ನನ್ನ ಅಂಗಡಿಯಲ್ಲಿ ಐದು ನಿಮಿಷ ಕುಳಿತು ಫ್ಯಾನಿನ ಗಾಳಿ ತೆಗೆದುಕೊಳ್ಳುತ್ತಿದ್ದವರು ಹಣ ಪಡೆದು, ರಶೀದಿ ಹರಿದು ಕೊಟ್ಟು, ನಿಲ್ಲದೆ ಹೋಗುತ್ತಿದ್ದರು. ಇದು ಆಗಿಯೇ ಆಗುತ್ತದೆ. ಪರಿಚಯ ತೆಳುವಾದ ಸಂಬಂಧ, ಅದರ ಮೇಲೆ ಮೂವತ್ತೆಂಟು ಸಾವಿರ ಇಟ್ಟರೆ ಸ್ವಲ್ಪ ತಗ್ಗುತ್ತದೆ. ಅದಕ್ಕೆ ಹೆದರಿ ಕೊಡದೆ ಇರುವವರಿದ್ದಾರೆ. ಅವರ ಹಳೆಯ ಸಲಿಗೆ ಉಳಿಯುತ್ತದೆ, ಆ ಮನೆಗೆ ಫಿಸಿಯೋಥೆರಪಿಯವರು ಬರುವುದಿಲ್ಲ.

ದೀಪಾವಳಿಯ ಹೊತ್ತಿಗೆ ದರ್ಜಿಯವರು ಒಂದು ವರದಿ ತಂದರು. ಪಿಗ್ಮಿಯವರ ಕೈಯಲ್ಲಿ ಹೊಸ ಮೊಬೈಲು. ನಮ್ಮ ಹಣದಲ್ಲೇ ಇರಬೇಕಲ್ಲ? ಇರಬಹುದು. ಯಾಕೆ ಕೊಂಡರೆಂದು ನಾನು ಕೇಳಲಿಲ್ಲ, ಈಗಲೂ ಗೊತ್ತಿಲ್ಲ. ಕೊಟ್ಟ ಮೇಲೆ ಅದು ನಮ್ಮ ಹಣವಲ್ಲ ಎಂದದ್ದಕ್ಕೆ ದರ್ಜಿಯವರು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಹಣದ ಬದಲು ಅಕ್ಕಿ ಕೊಟ್ಟಿದ್ದರೆ ಅನ್ನ ಉಂಡರೋ ಇಲ್ಲವೋ ಎಂದು ವಿಚಾರಿಸಲು ಹೋಗುತ್ತಿದ್ದರೇನೋ.

ಹೆಂಡತಿಗೆ ಈಗ ಮಾತು ಬಹಳ ಮಟ್ಟಿಗೆ ಬಂದಿದೆ, ಗೋಡೆ ಹಿಡಿದು ನಡೆಯುತ್ತಾರೆ, ಬಲಗೈ ಮಾತ್ರ ಹಿಂದೆ ಉಳಿದಿದೆ. ಪಿಗ್ಮಿ ನಿಲ್ಲಿಸಿದ್ದ ಇಬ್ಬರಲ್ಲಿ ಒಬ್ಬರು ಮತ್ತೆ ಶುರುಮಾಡಿದ್ದಾರೆ, ರಶೀದಿಯನ್ನು ಕನ್ನಡಕ ಹಾಕಿಕೊಂಡು ಓದುತ್ತಾರೆ. ಫ್ಯಾನಿನ ಕೆಳಗಿನ ಐದು ನಿಮಿಷ ಹೇಗೋ ತಾನಾಗಿಯೇ ಮರಳಿ ಬಂದಿದೆ.

ಈ ಜೂನ್ ತಿಂಗಳಲ್ಲಿ ಒಂದು ಸಂಜೆ ಅವರು ಪಿಗ್ಮಿ ಮುಗಿಸಿ, ಚೀಲದ ಜಿಪ್ಪು ಎಳೆದು, ಅಂಗಿಯ ಜೇಬಿನಿಂದ ಬೇರೆಯಾಗಿ 3,000 ರೂಪಾಯಿ ತೆಗೆದಿಟ್ಟರು. "ಉಳಿದದ್ದು ನಿಧಾನಕ್ಕೆ" ಎಂದರು. ನಾನು ತೆಗೆದುಕೊಂಡೆ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಾರದೆಂದು ಕ್ಯಾಂಟೀನಿನವರ ವಾದ, ತಂದದ್ದನ್ನು ತೆಗೆದುಕೊಳ್ಳದಿದ್ದರೆ ಅವರನ್ನು ಇನ್ನೂ ಮಂಚದ ಪಕ್ಕದಲ್ಲೇ ಕೂರಿಸಿದಂತೆ ಎಂದು ನನ್ನದು. ಆದರೆ ಪಟ್ಟಿ ಇಲ್ಲವಲ್ಲ, ಯಾರಿಗೆ ಎಷ್ಟು ಹಂಚುವುದು? ದರ್ಜಿಯವರು ಅನ್ನದಾನಕ್ಕೆ ಕೊಡೋಣ ಎನ್ನುತ್ತಾರೆ. ಮೆಡಿಕಲ್‌ನವರು ಮುಂದೆ ಸಾಲಿನಲ್ಲಿ ಯಾರಿಗಾದರೂ ಬೇಕಾದೀತು, ಇರಲಿ ಎನ್ನುತ್ತಾರೆ. ಹಣ ಸದ್ಯಕ್ಕೆ ನನ್ನ ಮೇಜಿನ ಖಾನೆಯಲ್ಲಿದೆ, 200 ರೂಪಾಯಿ ಕಡಿಮೆ. ಮೀನಿನ ಅಕ್ಕನಿಗೆ ಸುದ್ದಿ ಮುಟ್ಟಿದ ಮಧ್ಯಾಹ್ನವೇ ಬಂದು ಕೈ ಚಾಚಿದರು. "ನನ್ನದು ಕೊಡು, ಬೋಟು ನಿಂತಿದೆ. ಮತ್ತೆ ಬೇಕಾದರೆ ಕೇಳಲಿ, ಕೊಡುತ್ತೇನೆ" ಎಂದು ಸೊಂಟದ ಚೀಲಕ್ಕೆ ಸೇರಿಸಿ, ಪಿಗ್ಮಿಗೆ ಅದರಲ್ಲೇ 50 ತೆಗೆದಿಟ್ಟು ಹೋದರು.